ನಗರಸಭೆಯ ಆರೋಗ್ಯ ನಿರೀಕ್ಷಕರ ಸೇವೆ: ಐದಕ್ಕೆ ನಾಲ್ಕು

ಹಲಸಿನ ಹಪ್ಪಳ ಮಾಡಿ ಮಾರುವುದು ನಮ್ಮ ಮನೆಯ ಕಸುಬು. ಏಪ್ರಿಲ್, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಎಲ್ಲವನ್ನೂ ತಾರಸಿಯ ಮೇಲೆ ಒಣಗಿಸಿ ಡಬ್ಬಕ್ಕೆ ತುಂಬಬೇಕು. ಪಕ್ಕದ ಖಾಲಿ ನಿವೇಶನದಲ್ಲಿ ಕೋಳಿ ತ್ಯಾಜ್ಯ ಬಿದ್ದರೆ ನೊಣ ಬಂದು ಕೂರುವುದು ಹಪ್ಪಳದ ಮೇಲೆ. ಅಲ್ಲಿ ವೈರು ಸುಟ್ಟರೆ ಕರಿ ಬಂದು ಬೀಳುವುದೂ ಅದರ ಮೇಲೆಯೇ. ಹಾಗಾಗಿ ನಗರಸಭೆಯ ಪರಿಸರ ಮತ್ತು ಆರೋಗ್ಯ ಶಾಖೆಯನ್ನು ನಾನು ಬಳಸಿದಷ್ಟು ನಮ್ಮ ಬೀದಿಯಲ್ಲಿ ಇನ್ನಾರೂ ಬಳಸಿಲ್ಲ. ಊರಿನ ಹೆಸರನ್ನೂ ಅಧಿಕಾರಿಯ ಹೆಸರನ್ನೂ ಬರೆಯುವುದಿಲ್ಲ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ.

ಹಿಂದೆಲ್ಲ ದೂರು ಕೊಟ್ಟರೆ ಜೆಸಿಬಿ ಬಂದು ರಾಶಿ ಎತ್ತುತ್ತಿತ್ತು, ಪೌರಕಾರ್ಮಿಕರು ಬ್ಲೀಚಿಂಗ್ ಪುಡಿ ಚೆಲ್ಲುತ್ತಿದ್ದರು, ದೂರು ಮುಕ್ತಾಯ ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ವಾರ ಕಳೆಯುವುದರೊಳಗೆ ಮತ್ತೆ ರಾಶಿ. ಎತ್ತುವವರ ಬೆನ್ನು ಮುರಿಯಿತೇ ಹೊರತು ಎಸೆಯುವವರಿಗೆ ಏನೂ ಆಗಲಿಲ್ಲ.

ಈಗಿನ ನಿರೀಕ್ಷಕರು ಬಂದ ಮೇಲೆ ವಿಧಾನವೇ ಬದಲಾಯಿತು. ಮೊದಲ ಸಲ ಬಂದಾಗ ಆಕೆ ರಾಶಿಯನ್ನು ಎತ್ತಿಸಲಿಲ್ಲ. ನನಗೆ ಸಿಟ್ಟೇ ಬಂದಿತ್ತು. ಆಕೆ ಕೈಗವಸು ಹಾಕಿಕೊಂಡು, ಕೋಲಿನಿಂದ ಒಂದೊಂದೇ ಚೀಲ ಬಿಡಿಸಿ, ಒಳಗಿನ ಬಿಲ್ಲು, ಕೊರಿಯರ್ ಲಕೋಟೆ, ಸಿಹಿತಿಂಡಿ ಡಬ್ಬದ ಮುಚ್ಚಳಗಳನ್ನು ಹೊರಗೆ ಹರಡಿದರು. ದಿನಾಂಕ, ಸ್ಥಳ ಮೂಡುವ ಹಾಗೆ ಫೋಟೊ ತೆಗೆದರು. ಸ್ಥಳದಲ್ಲೇ ಮಹಜರು ಬರೆದು ಇಬ್ಬರ ಸಾಕ್ಷಿ ಸಹಿ ಪಡೆದರು. ಅದರಲ್ಲಿ ಒಂದು ಸಹಿ ನನ್ನದು. “ಇವತ್ತೇ ಎತ್ತಿಸಿದರೆ ಯಾರದೆಂದು ನಾಳೆ ಹೇಗೆ ಹೇಳಲಿ, ಅಮ್ಮ?” ಎಂದರು. ಮಹಜರು ಮುಗಿದ ಮೇಲೆಯೇ ಟ್ರ್ಯಾಕ್ಟರ್ ಬಂದದ್ದು.

ಆ ಕಾಗದಗಳ ಜಾಡು ಹಿಡಿದು ನೋಟಿಸು ಹೋದವು. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬೀದಿಯಲ್ಲಾಗಲಿ, ಖಾಲಿ ಜಾಗದಲ್ಲಾಗಲಿ, ಚರಂಡಿಯಲ್ಲಾಗಲಿ ಕಸ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ಕೋಳಿ ಅಂಗಡಿಯವರಿಗೆ ದಂಡದ ರಸೀದಿಯ ಜೊತೆಗೆ ಉದ್ದಿಮೆ ಪರವಾನಗಿಯ ನೆನಪನ್ನೂ ಮಾಡಿಕೊಟ್ಟರು. ದಂಡಕ್ಕೆ ಬಗ್ಗದವರು ಪರವಾನಗಿ ನವೀಕರಣದ ಮಾತಿಗೆ ಬಗ್ಗಿದರು. ಈಗ ಅವರ ತ್ಯಾಜ್ಯಕ್ಕೆ ಪ್ರತ್ಯೇಕ ವಾಹನ ಬರುತ್ತದೆ. ನಿವೇಶನದ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಆಸ್ತಿ ತೆರಿಗೆ ದಾಖಲೆಯಿಂದ ಅವರ ವಿಳಾಸ ತೆಗೆದು, ಜಾಗಕ್ಕೆ ಬೇಲಿ ಹಾಕಿಸಿದರು. ಅದೇ ಓಡಾಟದಲ್ಲಿ ಬೀದಿಯ ಅಂಗಡಿಗಳಿಂದ ಪ್ಲಾಸ್ಟಿಕ್ ಕೈಚೀಲಗಳನ್ನೂ ವಶಪಡಿಸಿಕೊಂಡರು. ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ, ಎಷ್ಟೇ ದಪ್ಪವಿದ್ದರೂ ಸರಿ, ಅವನ್ನು ನಿಷೇಧಿಸಲಾಗಿದೆ. ಆದರೂ ಅಂಗಡಿಯವರು ಆಕೆಯೊಂದಿಗೆ ಜಗಳಕ್ಕೆ ನಿಂತರು, “ಕಾರ್ಖಾನೆ ಮುಚ್ಚಿಸಿ, ಆಮೇಲೆ ಬನ್ನಿ” ಎಂದರು. ಆ ಮಾತಿನಲ್ಲೂ ನ್ಯಾಯವಿದೆ. ಆದರೆ ಕಾರ್ಖಾನೆ ಮುಚ್ಚಿಸುವ ಅಧಿಕಾರ ವಾರ್ಡಿನ ನಿರೀಕ್ಷಕರಿಗೆ ಇಲ್ಲ.

ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ವೈರು ಸುಡುವ ಪ್ರಕರಣ. ಒಳಗಿನ ತಾಮ್ರಕ್ಕಾಗಿ ಸಂಜೆ ಹೊತ್ತು ಇಬ್ಬರು ಹುಡುಗರು ವೈರು ಸುಡುತ್ತಿದ್ದರು. ವೈರಿನ ಹೊದಿಕೆ ಪಿವಿಸಿ ಎಂಬ ಪ್ಲಾಸ್ಟಿಕ್. ಅದು ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟುತ್ತವೆ. ನನ್ನ ಹಪ್ಪಳಕ್ಕಿಂತ ಮೊದಲು ಅದು ಸೇರುವುದು ಆ ಮಕ್ಕಳ ಎದೆಗೆ. ಬೀದಿಯವರೆಲ್ಲ ಹುಡುಗರನ್ನು ಪೊಲೀಸರಿಗೆ ಒಪ್ಪಿಸಿ ಎಂದರು. ಆಕೆ ಅವರನ್ನು ಕೂರಿಸಿಕೊಂಡು, ತಾಮ್ರವನ್ನು ಯಾರು ಕೊಳ್ಳುತ್ತಾರೆ ಎಂದಷ್ಟೇ ಕೇಳಿದರು. ನೋಟಿಸು ಹೋದದ್ದು ಗುಜರಿ ಅಂಗಡಿಗೆ. ಸುಟ್ಟ ತಾಮ್ರ ಕೊಳ್ಳುವುದು ನಿಂತಿತು, ಸುಡುವುದೂ ನಿಂತಿತು. ಬಡವನ ಮೇಲೆ ದಂಡ ಹಾಕಿ ಲೆಕ್ಕ ತುಂಬಿಸುವುದು ಸುಲಭವಿತ್ತು. ಆಕೆ ಹಾಗೆ ಮಾಡಲಿಲ್ಲ.

ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಕಲ್ಯಾಣ ಮಂಟಪ. ಊಟದ ಎಲೆ, ನೀರಿನ ಬಾಟಲಿ, ಅಲಂಕಾರದ ಹೂವು ಎಲ್ಲವೂ ಒಂದೇ ರಾಶಿಯಾಗಿ ರಾತ್ರಿ ಹಿಂಬದಿಯ ಚರಂಡಿಗೆ ಬೀಳುತ್ತವೆ. ದಿನಕ್ಕೆ ಸರಾಸರಿ 100 ಕಿಲೋ ಮೀರಿದರೆ ಅದು ನಿಯಮದ ಭಾಷೆಯಲ್ಲಿ ಸಗಟು ತ್ಯಾಜ್ಯ ಉತ್ಪಾದಕ. ಬೇರ್ಪಡಿಸುವ ಹೊಣೆಯೂ, ಸಾಧ್ಯವಿದ್ದಷ್ಟು ಹಸಿ ಕಸವನ್ನು ತನ್ನ ಆವರಣದಲ್ಲೇ ಗೊಬ್ಬರ ಮಾಡುವ ಹೊಣೆಯೂ ಅದರದು. ಮಂಟಪದವರು ದಿನಾ ಮದುವೆ ಇರುವುದಿಲ್ಲ ಎಂಬ ಉತ್ತರ ಕೊಟ್ಟು ಕೂತಿದ್ದಾರೆ. ನಿರೀಕ್ಷಕರು ಬರೆದ ವರದಿ ಮೇಲಿನ ಮೇಜಿಗೆ ಹೋದದ್ದು ಕೆಳಗೆ ಬಂದಿಲ್ಲ. ಅಂಗಡಿಗೆ ಒಂದು ವೇಗ, ಮಂಟಪಕ್ಕೆ ಇನ್ನೊಂದು ವೇಗ ಇರುವುದು ನನಗೆ ನೋವಿನ ವಿಷಯ. ರಾತ್ರಿ ಹೊತ್ತು ಗಸ್ತಿಗೆ ಜನರೂ ಇಲ್ಲ. ಹಲವು ವಾರ್ಡುಗಳಿಗೆ ಒಬ್ಬರೇ ನಿರೀಕ್ಷಕರು, ಓಡಾಟ ಸ್ವಂತ ಸ್ಕೂಟರಿನಲ್ಲಿ.

ಈ ಸೇವೆ ಬಳಸುವವರಿಗೆ ನನ್ನ ಸಲಹೆ: ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಬರವಣಿಗೆಯಲ್ಲಿ ಕೊಟ್ಟು ಟಪಾಲು ವಿಭಾಗದ ಮೊಹರು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಕಸ ಹಾಕುವ ವಾಹನದ ಸಂಖ್ಯೆ ಕಾಣುವ ಫೋಟೊ ಇದ್ದರೆ ಲಗತ್ತಿಸಿ. ಮಹಜರಿಗೆ ಸಹಿ ಹಾಕಿ ಎಂದರೆ ಹಿಂಜರಿಯಬೇಡಿ. ನಮ್ಮ ಬೀದಿಯಲ್ಲಿ ಎರಡನೆಯ ಸಹಿಗೆ ಮನೆಮನೆ ಬಾಗಿಲು ತಟ್ಟಬೇಕಾಯಿತು. ಮಂಟಪದ ವರದಿ ಏನಾಯಿತು ಎಂದು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಉತ್ತರ ಬಂದ ಮೇಲೆ ಉಳಿದ ಅಂಕದ ವಿಷಯ ಬರೆಯುತ್ತೇನೆ.