ವರ್ಷಕ್ಕೊಮ್ಮೆ ಶ್ರೇಯಾಂಕವೋ, ವಾರಕ್ಕೊಮ್ಮೆ ಮಾತುಕತೆಯೋ: ಎರಡನ್ನೂ ನಡೆಸಿ ನೋಡಿದ ಮೇಲೆ

ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ಜನರ ತಂಡವನ್ನು ಎರಡು ಸಂಸ್ಥೆಗಳಲ್ಲಿ ಮೂರು ಮೂರು ವರ್ಷ ನೋಡಿಕೊಂಡಿದ್ದೇನೆ. ಮೊದಲನೆಯದರಲ್ಲಿ ವರ್ಷದ ಕೊನೆಗೆ ಎಲ್ಲರಿಗೂ ಶ್ರೇಯಾಂಕ ಕೊಡಬೇಕಿತ್ತು. ಎರಡನೆಯದರಲ್ಲಿ ಒಬ್ಬೊಬ್ಬರ ಜೊತೆಗೂ ವಾರಕ್ಕೆ ಅರ್ಧ ಗಂಟೆ ಕುಳಿತು ಮಾತನಾಡುವ ಕ್ರಮವಿತ್ತು. ಹೆಸರು ಬರೆಯದೆ ಅಭಿಪ್ರಾಯ ಕೊಡುವ ಸಮೀಕ್ಷೆಯನ್ನೂ ಎರಡು ಸಲ ಮಾಡಿದೆ. ನಾನು ಮೂರನ್ನೂ ಅಳೆದದ್ದು ಒಂದೇ ಪ್ರಶ್ನೆಯಿಂದ: ತಪ್ಪಾದಾಗ ಆ ಸುದ್ದಿ ನನಗೆ ಎಷ್ಟು ಬೇಗ ತಲುಪಿತು?

ಶ್ರೇಯಾಂಕದ ಪದ್ಧತಿಯನ್ನು ಹೆಸರುವಾಸಿ ಮಾಡಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್. ಮೇಲಿನವರು ಶೇ. 20, ನಡುವಿನವರು ಶೇ. 70, ಕೆಳಗಿನವರು ಶೇ. 10 ಎಂಬುದು ಅವರ ಲೆಕ್ಕ. ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಇತ್ತು. ಒಂಬತ್ತು ಜನರಲ್ಲಿ ಶೇ. 10 ಎಂದರೆ ಒಬ್ಬರು. ಒಂಬತ್ತೂ ಜನ ಚೆನ್ನಾಗಿ ದುಡಿದ ವರ್ಷವೂ ಆ ಒಬ್ಬರ ಹೆಸರನ್ನು ನಾನೇ ಬರೆದುಕೊಡಬೇಕಿತ್ತು. ಈ ಪದ್ಧತಿಗೆ ಒಂದು ಅನುಕೂಲವಂತೂ ಇದೆ, ಅದನ್ನು ಮುಚ್ಚಿಡುವುದಿಲ್ಲ: ಸಂಬಳ ಏರಿಕೆಯ ನಿರ್ಧಾರ ಬೇಗ ಮುಗಿಯುತ್ತದೆ, ಯಾರಾದರೂ ಕೇಳಿದರೆ ತೋರಿಸಲು ಕಾಗದ ಇರುತ್ತದೆ.

ಆದರೆ ಎರಡನೆಯ ವರ್ಷ ನಡೆದದ್ದನ್ನು ನಾನು ಮರೆತಿಲ್ಲ. ಒಬ್ಬ ಗ್ರಾಹಕರ ಬಿಲ್ಲುಗಳಲ್ಲಿ ರಿಯಾಯಿತಿಯನ್ನು ಎರಡೆರಡು ಸಲ ಕಳೆಯಲಾಗುತ್ತಿತ್ತು. ಲೆಕ್ಕ ಪರಿಶೋಧಕರು ಕೇಳಿದಾಗ ನಮ್ಮ ತಂಡದ ಹುಡುಗನೊಬ್ಬ ಮೇಜಿನ ಡ್ರಾಯರಿನಿಂದ ಚಿಕ್ಕ ನೋಟ್‌ಬುಕ್ ತೆಗೆದ. ಅದರಲ್ಲಿ ಪ್ರತಿ ಬಿಲ್ಲಿನ ಸಂಖ್ಯೆ, ದಿನಾಂಕ, ಕಡಿಮೆ ಬಂದ ಮೊತ್ತ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ತಪ್ಪು ಅವನಿಗೆ ಐದು ತಿಂಗಳ ಹಿಂದೆಯೇ ಗೊತ್ತಾಗಿತ್ತು. "ಶ್ರೇಯಾಂಕ ಮುಗಿದ ಮೇಲೆ ಹೇಳೋಣ ಎಂದುಕೊಂಡಿದ್ದೆ ಸರ್" ಎಂದ. ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಉಗುರಿನಲ್ಲಿ ಹೋಗುವುದನ್ನು ಕೊಡಲಿಯವರೆಗೆ ಬೆಳೆಸಿದ್ದು ನಾವು ತಂದಿಟ್ಟ ಭಯವೇ.

ಸಮೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರಾರು ಜನರಿರುವಲ್ಲಿ ಅದರಿಂದ ಪ್ರಯೋಜನವಿರಬಹುದು. ಒಂಬತ್ತು ಜನರಲ್ಲಿ ವಾಕ್ಯದ ಧಾಟಿಯಿಂದಲೇ ಬರೆದವರು ಯಾರೆಂದು ತಿಳಿದುಬಿಡುತ್ತದೆ. ಅದು ಅವರಿಗೂ ಗೊತ್ತು. ಎರಡೂ ಸಲ ಬಂದ ಉತ್ತರಗಳು ಸಪ್ಪೆಯಾಗಿದ್ದವು.

ವಾರದ ಮಾತುಕತೆಗೆ ತಗಲುವುದು ಸಮಯ: ಒಂಬತ್ತು ಜನಕ್ಕೆ ನಾಲ್ಕೂವರೆ ಗಂಟೆ. ಮೊದಲ ತಿಂಗಳು ಅದು ದುಬಾರಿ ಎನಿಸಿ ಒಬ್ಬೊಬ್ಬರಿಗೆ ಹದಿನೈದು ನಿಮಿಷಕ್ಕೆ ಇಳಿಸಿದೆ. ಆಗ ಬರೀ ಕೆಲಸದ ವರದಿ ಬಂತು, ಮತ್ತೇನೂ ಬರಲಿಲ್ಲ. ಮತ್ತೆ ಅರ್ಧ ಗಂಟೆ ಮಾಡಿದ ಮೇಲೆ ಒಂದು ಬುಧವಾರ, ಎಲ್ಲ ಮಾತು ಮುಗಿದು ಪೆನ್ನಿಗೆ ಮುಚ್ಚಳ ಹಾಕಿದ ಸಹೋದ್ಯೋಗಿಯೊಬ್ಬರು ಏಳದೆ ಹಾಗೇ ಕುಳಿತರು. "ನಿನ್ನೆಯ ಪಾವತಿಯಲ್ಲಿ ಇಬ್ಬರು ಪೂರೈಕೆದಾರರ ಖಾತೆ ಸಂಖ್ಯೆ ಅದಲುಬದಲಾಗಿದೆ, ನನ್ನಿಂದಲೇ ಆದದ್ದು" ಎಂದರು. ಆವತ್ತು ಸಂಜೆಯೊಳಗೆ ಇಬ್ಬರಿಗೂ ಫೋನ್ ಮಾಡಿ ಸರಿಪಡಿಸಿದೆವು. ಮುಖ್ಯವಾದ ಮಾತು ಬರುವುದು ಕೊನೆಯ ಐದು ನಿಮಿಷದಲ್ಲಿ ಎಂಬುದನ್ನು ಆಮೇಲೆ ಮತ್ತೆ ಮತ್ತೆ ಕಂಡೆ.

ಆ ವರ್ಷ ನಮ್ಮ ತಪ್ಪುಗಳ ದಾಖಲೆ ದಪ್ಪವಾಯಿತು. ತಂಡ ಹದಗೆಟ್ಟಿದೆಯೇ ಎಂದು ಮೇಲಧಿಕಾರಿ ಕೇಳಿದರು. ಆಗ ನನ್ನ ನೆರವಿಗೆ ಬಂದದ್ದು ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರ ಅಧ್ಯಯನ. ಆಸ್ಪತ್ರೆಗಳಲ್ಲಿ ಔಷಧಿ ನೀಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದ ಅವರಿಗೆ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾದದ್ದು ಕಂಡಿತು. ಆ ತಂಡಗಳವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುದೇ ಇದಕ್ಕೆ ಕಾರಣವಿರಬೇಕೆಂದು ಅವರು ಗುರುತಿಸಿದರು. 1999ರ ಪ್ರಬಂಧದಲ್ಲಿ ಅವರು ಇದನ್ನು ತಂಡದ ಮಾನಸಿಕ ಸುರಕ್ಷತೆ, ಅಂದರೆ ತಪ್ಪನ್ನು ಬಾಯಿಬಿಟ್ಟು ಹೇಳಿದರೂ ತೊಂದರೆಯಾಗದು ಎಂದು ತಂಡದವರೆಲ್ಲ ನಂಬುವುದು, ಎಂದು ವಿವರಿಸಿದರು. ನಮ್ಮ ದಾಖಲೆಯಲ್ಲೂ ತಪ್ಪುಗಳ ಸಂಖ್ಯೆ ಏರಿತ್ತು, ಆದರೆ ಒಂದೊಂದರ ಮೊತ್ತ ಚಿಕ್ಕದಾಗಿತ್ತು.

ಹಾಗೆಂದು ಮಾತುಕತೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ. ಸಂಬಳದ ಪ್ರಶ್ನೆ ಉಳಿದೇ ಇರುತ್ತದೆ. ಅದನ್ನು ವಾರದ ಅರ್ಧ ಗಂಟೆಯೊಳಗೆ ತಂದ ದಿನ ಎದುರಿಗಿದ್ದವರು ತಪ್ಪಿನ ಮಾತೇ ಎತ್ತಲಿಲ್ಲ. ಜನರಲ್ ಎಲೆಕ್ಟ್ರಿಕ್‌ನಲ್ಲೇ ನಡೆದು 1965ರಲ್ಲಿ, ವೆಲ್ಚ್ ಮುಖ್ಯಸ್ಥರಾಗುವುದಕ್ಕೆ ಬಹಳ ಮೊದಲೇ, ಪ್ರಕಟವಾದ ಅಧ್ಯಯನವೊಂದು ಸಂಬಳದ ಮಾತು ಮತ್ತು ಕೆಲಸ ಸುಧಾರಿಸುವ ಮಾತು ಬೇರೆ ಬೇರೆಯಾಗಿ ನಡೆಯಬೇಕೆಂದು ಹೇಳಿತ್ತು. ನಾನು ಸಂಬಳಕ್ಕೆ ವರ್ಷದಲ್ಲಿ ಎರಡು ದಿನ ಬೇರೆಯಾಗಿ ಇಟ್ಟುಕೊಂಡೆ. ಆಗಲೂ ಕಾಗದ ಇತ್ತು, ಕಾರಣಗಳನ್ನು ಬರೆದು ಕೊಟ್ಟೆ. ಒಂಬತ್ತು ಜನರಲ್ಲಿ ಕೊನೆಯವರು ಯಾರು ಎಂಬ ಸಾಲು ಮಾತ್ರ ಅದರಲ್ಲಿ ಇರಲಿಲ್ಲ.

ಇನ್ನೊಂದು ಕೊರತೆ, ಮಾತು ಬಲ್ಲವರಿಗೆ ಈ ಪದ್ಧತಿ ಸುಲಭ. ನಮ್ಮಲ್ಲಿದ್ದ ಒಬ್ಬರು ತೀರಾ ಮಿತಭಾಷಿ. ಮೂರು ವಾರ ನಾವಿಬ್ಬರೂ ಸುಮ್ಮನೆ ಕುಳಿತೆವು. ನಾಲ್ಕನೆಯ ವಾರ ಅವರ ಕಡತವನ್ನೇ ನಡುವೆ ಇಟ್ಟುಕೊಂಡು ಒಟ್ಟಿಗೆ ಓದತೊಡಗಿದೆವು. ಹತ್ತನೆಯ ಪುಟದಲ್ಲಿ ಅವರು ಬೆರಳಿಟ್ಟು, "ಇಲ್ಲಿ ನನಗೆ ಅನುಮಾನ ಇದೆ" ಎಂದರು.