ಹಸಿದ ಸ್ಪೀಕರಿಗೆ ಯಾವ ಆಂಪ್? ವ್ಯಾಟ್ ಬಿಟ್ಟು ವೋಲ್ಟ್ ಲೆಕ್ಕ ಹಾಕಿ

"ಸಾರ್, ಇದು ನೂರೈವತ್ತು ವ್ಯಾಟ್, ನಿಮ್ಮ ಸ್ಪೀಕರಿಗೆ ಧಾರಾಳ" ಎಂದು ಆಂಪ್, ಅಂದರೆ ಆಂಪ್ಲಿಫೈಯರ್, ಮಾರುವ ಅಂಗಡಿಯವರು ಹೇಳಿದರೆ ಎರಡು ಪ್ರಶ್ನೆ ಕೇಳಿ. ಎಷ್ಟು ಓಮ್‌ಗೆ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ)? ಎರಡೂ ಚಾನೆಲ್ ಒಟ್ಟಿಗೆ ಓಡುವಾಗಲೋ, ಒಂದೇ ಓಡುವಾಗಲೋ? ರಿಸೀವರ್ (ಸಿನಿಮಾ ಸದ್ದನ್ನು ಹಲವು ಸ್ಪೀಕರಿಗೆ ಹಂಚುವ ಆಂಪ್) ಡಬ್ಬದ ಮೇಲಿನ ದಪ್ಪಕ್ಷರದ ಸಂಖ್ಯೆ ಬಹುಮಟ್ಟಿಗೆ 6 ಓಮ್, ಒಂದೇ ಚಾನೆಲ್, 1 ಕಿಲೋಹರ್ಟ್ಸ್, 10 ಶೇಕಡಾ ಡಿಸ್ಟಾರ್ಷನ್‌ಗೆ (ಸದ್ದು ಕೆಡುವ ಪ್ರಮಾಣ) ಬರೆದದ್ದು. ಅಮೆರಿಕದಲ್ಲಿ ಇದಕ್ಕೆ 1974ರಿಂದ ನಿಯಮವಿದೆ. 2024ರ ತಿದ್ದುಪಡಿಯ ನಂತರ 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, 1 ಶೇಕಡಾಕ್ಕಿಂತ ಕಡಿಮೆ ಡಿಸ್ಟಾರ್ಷನ್‌ನಲ್ಲಿ ಅಳೆದ ಸಂಖ್ಯೆಯನ್ನೇ ಹೇಳಬೇಕು. ಆ ನಿಯಮ ಬೆಂಗಳೂರಿನ ಕೌಂಟರಿಗೆ ಬರುವುದಿಲ್ಲ. ಹಾಗಾಗಿ ಡಬ್ಬ ಬಿಟ್ಟು ಮ್ಯಾನುಯಲ್‌ನ ಕೊನೆಯ ಪುಟ ತೆರೆಯಿರಿ. ನಿಜ ಅಲ್ಲಿರುತ್ತದೆ, ಸಣ್ಣಕ್ಷರದಲ್ಲಿ.

ಹಸಿದ ಸ್ಪೀಕರ್ ಎಂದರೆ ಎರಡು ಲಕ್ಷಣ: ಸೆನ್ಸಿಟಿವಿಟಿ (ಕೊಟ್ಟಷ್ಟಕ್ಕೆ ಎಷ್ಟು ಜೋರು ಎಂಬುದು) 86 ಡಿಬಿ (ಡೆಸಿಬೆಲ್) ಆಸುಪಾಸು ಅಥವಾ ಅದಕ್ಕಿಂತ ಕೆಳಗೆ, ಇಂಪೆಡೆನ್ಸ್, ಅಂದರೆ ಆ ಓಮ್ ತಡೆ, 4 ಓಮ್ ಹತ್ತಿರಕ್ಕೆ ಇಳಿಯುವಂಥದ್ದು. ಕೆಇಎಫ್ ಎಲ್‌ಎಸ್50 ಮೆಟಾ ಸ್ಪೀಕರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕಾಗದದ ಮೇಲೆ 85 ಡಿಬಿ, 8 ಓಮ್. ಆದರೆ ಅದೇ ಕಾಗದದಲ್ಲಿ ಕನಿಷ್ಠ 3.5 ಓಮ್ ಎಂದೂ ಇದೆ. ಮ್ಯಾಗ್ನೆಪ್ಯಾನ್ ಎಲ್‌ಆರ್‌ಎಸ್ ಪ್ಲಸ್ ಎಂಬ ಚಪ್ಪಟೆ ಪ್ಯಾನೆಲ್ ಸ್ಪೀಕರಿಗೆ 86 ಡಿಬಿ, 4 ಓಮ್. ಈ ಡಿಬಿ ಸಂಖ್ಯೆಯಲ್ಲೂ ಒಂದು ಕೈಚಳಕವಿದೆ. ಅಳೆಯುವುದು 2.83 ವೋಲ್ಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ. 8 ಓಮ್‌ನಲ್ಲಿ ಅದು 1 ವ್ಯಾಟ್, 4 ಓಮ್‌ನಲ್ಲಿ 2 ವ್ಯಾಟ್. ಅಂದರೆ 86 ಡಿಬಿಯ 4 ಓಮ್ ಸ್ಪೀಕರ್ ಒಂದು ವ್ಯಾಟಿಗೆ ಕೊಡುವುದು 83 ಡಿಬಿಯೇ.

ಈ ಗೊಂದಲ ತಪ್ಪಿಸಲು ವ್ಯಾಟನ್ನು ಪಕ್ಕಕ್ಕಿಟ್ಟು ವೋಲ್ಟಿನಲ್ಲಿ ಯೋಚಿಸುವುದು ವಾಸಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟ್ ಸಿಗುತ್ತದೆ. 8 ಓಮ್‌ಗೆ ಕೊಡುವ ವೋಲ್ಟನ್ನೇ 4 ಓಮ್‌ಗೂ ಕೊಡುವ ಆಂಪ್ ಗಟ್ಟಿ; ಕೊಡಲಾಗದ್ದು ಕರೆಂಟ್ ಸಾಲದೆ ಸೊರಗುವಂಥದ್ದು. ಮರಾಂಟ್ಜ್ ಪಿಎಂ6007ಗೆ 8 ಓಮ್‌ನಲ್ಲಿ 45 ವ್ಯಾಟ್, ಅಂದರೆ 19 ವೋಲ್ಟ್. 4 ಓಮ್‌ನಲ್ಲಿ 60 ವ್ಯಾಟ್, ಅಂದರೆ 15.5 ವೋಲ್ಟ್. ವ್ಯಾಟ್ ಏರಿದಂತೆ ಕಂಡರೂ ವೋಲ್ಟ್ ಇಳಿದಿದೆ. ಸುಲಭದ ಸ್ಪೀಕರಿಗೆ ಅದು ಚೆಂದದ ಆಂಪ್, ಹಸಿದವಕ್ಕಲ್ಲ.

ಹಾಗಾದರೆ ಎಷ್ಟು ವೋಲ್ಟ್ ಬೇಕು? ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಿನ ಹಾಲ್‌ನಲ್ಲಿ ಸೋಫಾ ಸ್ಪೀಕರಿನಿಂದ 9 ಅಡಿ ದೂರ ಎನ್ನೋಣ. ಬಯಲಲ್ಲಾದರೆ ಅಷ್ಟು ದೂರಕ್ಕೆ ಸುಮಾರು 9 ಡಿಬಿ ಕಳೆಯುತ್ತದೆ. ಎರಡನೇ ಸ್ಪೀಕರ್, ಗೋಡೆ, ಟೈಲ್ಸ್ ಸೇರಿ ಒಂದು 5 ಡಿಬಿ ವಾಪಸ್ ಕೊಡುತ್ತವೆ ಎಂದಿಟ್ಟುಕೊಳ್ಳಿ. ಎಲ್‌ಎಸ್50 ಮೆಟಾ 2.83 ವೋಲ್ಟಿಗೆ ಸೋಫಾದಲ್ಲಿ 81 ಡಿಬಿ ಕೊಟ್ಟಂತಾಯಿತು. ಸರಾಸರಿ 75 ಡಿಬಿಯಲ್ಲಿ ಕೇಳಿ, ಪೀಕ್ (ಕ್ಷಣಿಕ ಶಿಖರ) 95 ಮುಟ್ಟಬೇಕಾದರೆ 14 ವೋಲ್ಟ್ ಸಾಕು. ಸರಾಸರಿ 80, ಪೀಕ್ 100 ಬೇಕಾದರೆ 25 ವೋಲ್ಟ್. ಪಕ್ಕದ ಮನೆಯವರ ಜೊತೆ ಗೋಡೆ ಹಂಚಿಕೊಂಡವರು ಇದನ್ನು ದಾಟುವುದು ಅಪರೂಪ. ಅದಕ್ಕೇ ನಮ್ಮ ಮತ ಇಷ್ಟು: ನಗರದ ಬಹುಪಾಲು ಹಾಲ್‌ಗಳಿಗೆ 300 ವ್ಯಾಟ್ ಬೇಡ, 4 ಓಮ್‌ನಲ್ಲೂ ಕೈಬಿಡದ 25 ವೋಲ್ಟ್ ಬೇಕು.

ಅಂದಾಜು ಸಾಲದೆಂದರೆ ಅಳೆದೇ ನೋಡಬಹುದು. ಈಗಿರುವ ಆಂಪ್, ಒಂದು ಸಾಧಾರಣ ಮಲ್ಟಿಮೀಟರ್, ಮೈನಸ್ 12 ಡಿಬಿ ಮಟ್ಟದ (ಗರಿಷ್ಠ ಮಟ್ಟಕ್ಕಿಂತ 12 ಡಿಬಿ ಕೆಳಗಿನ) 100 ಹರ್ಟ್ಸ್ ಟೋನ್ ಫೈಲ್ ಇದ್ದರೆ ಸಾಕು. ಆ್ಯಪ್‌ನಲ್ಲಿ ಹಾಡುಗಳ ಸದ್ದನ್ನು ಸಮ ಮಾಡುವ ಸೆಟ್ಟಿಂಗ್ ಆಫ್ ಮಾಡಿ, ಟೋನ್ ಕಂಟ್ರೋಲ್ ನಡುವಿಗಿಡಿ. ನೀವು ಕೇಳುವುದರಲ್ಲೇ ಅತಿ ಮೆದುವಾಗಿ ರೆಕಾರ್ಡ್ ಆದದ್ದನ್ನು ಹಾಕಿ. ಸಿನಿಮಾ ಹಾಡು ಬೇಡ, ಅದರ ಏರಿಳಿತವನ್ನು ಮೊದಲೇ ತಟ್ಟಿ ಚಪ್ಪಟೆ ಮಾಡಿರುತ್ತಾರೆ. ಸಂಗೀತ ಕಚೇರಿಯ ಲೈವ್ ರೆಕಾರ್ಡಿಂಗ್ ಅಥವಾ ಚಂಡೆ ಇರುವ ಯಕ್ಷಗಾನ ಒಳ್ಳೆಯದು. ನಿಮಗೆ ಎಷ್ಟು ಜೋರು ಬೇಕೋ ಅಲ್ಲಿಗೆ ವಾಲ್ಯೂಮ್ ತಿರುಗಿಸಿ, ಆಮೇಲೆ ಆ ಗುಂಡಿ ಮುಟ್ಟಬೇಡಿ. ಆಂಪ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ, ಅದೇ ಸೋರ್ಸ್‌ನಿಂದ ಟೋನ್ ಹಾಕಿ. ಒಂದು ಚಾನೆಲ್ಲಿನ ಕೆಂಪು-ಕಪ್ಪು ಟರ್ಮಿನಲ್ ನಡುವೆ ಎಸಿ ವೋಲ್ಟ್ ನೋಡಿ. ಬಂದದ್ದನ್ನು 4ರಿಂದ ಗುಣಿಸಿ, ಏಕೆಂದರೆ 12 ಡಿಬಿ ಎಂದರೆ ನಾಲ್ಕು ಪಟ್ಟು ವೋಲ್ಟ್. 3.5 ಕಂಡರೆ ನಿಮ್ಮ ಅಗತ್ಯ 14 ವೋಲ್ಟ್. 4 ಓಮ್ ಸ್ಪೀಕರಿನಲ್ಲಿ ಅದು 49 ವ್ಯಾಟ್. ಈಗಿರುವ ಆಂಪ್ ಆ ಪೀಕ್ ಕೊಡಲಾಗದೆ ಕ್ಲಿಪ್ ಆಗುತ್ತಿದ್ದರೂ (ಶಿಖರ ಕತ್ತರಿಸಿ ಹೋಗುತ್ತಿದ್ದರೂ) ಈ ಲೆಕ್ಕ ಕೆಡುವುದಿಲ್ಲ, ಟೋನ್ ಕೆಳಮಟ್ಟದಲ್ಲಿದೆಯಲ್ಲ. ವಾಲ್ವ್ (ಗಾಜಿನ ಟ್ಯೂಬ್) ಆಂಪ್‌ನಲ್ಲಿ ಮಾತ್ರ ಹೀಗೆ ಮಾಡಬಾರದು: ಸ್ಪೀಕರ್ ಬಿಚ್ಚಿ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಲೆಕ್ಕ ಕೈಗೆ ಬಂದ ಮೇಲೆ ಯಂತ್ರಗಳ ಮಾತು.

ಯಮಾಹಾ ಎ-ಎಸ್501: 8 ಓಮ್‌ಗೆ 85 ವ್ಯಾಟ್, ಅಂದರೆ 26 ವೋಲ್ಟ್, ಅದೂ ಪೂರ್ತಿ 20ರಿಂದ 20,000 ಹರ್ಟ್ಸ್‌ಗೆ. ಕ್ಷಣಿಕ ಶಕ್ತಿಯನ್ನು 8, 4, 2 ಓಮ್‌ಗೆ ಕ್ರಮವಾಗಿ 130, 185, 220 ವ್ಯಾಟ್ ಎಂದು ಕೊಟ್ಟಿದ್ದಾರೆ. ವೋಲ್ಟಿಗೆ ತಿರುಗಿಸಿದರೆ 32, 27, 21. ಇಳಿತ ಇದೆ, ಕುಸಿತ ಇಲ್ಲ. ಎಲ್‌ಎಸ್50 ಥರದ್ದಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಟಿವಿಗೆ ಆಪ್ಟಿಕಲ್ ಇದೆ, ಟರ್ನ್‌ಟೇಬಲ್ಲಿಗೆ ಫೋನೋ ಇದೆ, ಸಬ್‌ವೂಫರ್ ಔಟ್ ಇದೆ. ಕಂಪ್ಯೂಟರಿಗೆ ಯುಎಸ್‌ಬಿ ಬೇಕಾದರೆ ಮುಂದಿನ ಮೆಟ್ಟಿಲು ಎ-ಎಸ್801. ಹಿಂಬದಿಯ ಇಂಪೆಡೆನ್ಸ್ ಸ್ವಿಚ್ ಬಗ್ಗೆ ಎಚ್ಚರ. 4 ಓಮ್‌ಗೆ "ಲೋ" ಇಡಿ ಎನ್ನುತ್ತದೆ ಮ್ಯಾನುಯಲ್. ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ ಒಳಗಿನ ವೋಲ್ಟೇಜನ್ನೇ ತಗ್ಗಿಸಿ ಬಿಸಿಯನ್ನು ಹದ್ದುಬಸ್ತಿನಲ್ಲಿಡುತ್ತವೆ. ಅಂದರೆ 4 ಓಮ್ ಸ್ಪೀಕರಿಗೆ ಬೇಕೆಂದು ಕೊಂಡ ಶಕ್ತಿ ಆ ಸ್ವಿಚ್ಚಿನಲ್ಲೇ ಸೋರುತ್ತದೆ. ಅದಕ್ಕಾಗಿ ಮ್ಯಾಗ್ನೆಪ್ಯಾನಿಗೆ ಇದನ್ನು ನಾವು ಹೇಳುವುದಿಲ್ಲ. ಎ ಮತ್ತು ಬಿ ಟರ್ಮಿನಲ್‌ಗಳಿಗೆ ಎರಡು ಜೋಡಿ ಸ್ಪೀಕರ್ ಒಟ್ಟಿಗೆ ಹಾಕುವ ಆಸೆಯಂತೂ ಬೇಡ: 6 ಓಮ್‌ನ ಎರಡು ಸೇರಿದರೆ 3 ಓಮ್.

ಡೆನಾನ್ ಪಿಎಂಎ-1700ಎನ್‌ಇ: 8 ಓಮ್‌ಗೆ 70 ವ್ಯಾಟ್, 4 ಓಮ್‌ಗೆ 140. ಸಂಖ್ಯೆ ಚಿಕ್ಕದು, ಯಮಾಹಾದ 85ರ ಮುಂದೆ ಸೋತಂತೆ ಕಾಣುತ್ತದೆ. ಆದರೆ ವೋಲ್ಟ್ ನೋಡಿ: ಎರಡು ಕಡೆಯೂ 23.7. ಸ್ಪೀಕರಿನ ಓಮ್ ಅರ್ಧಕ್ಕೆ ಇಳಿದರೂ ಕರೆಂಟ್ ದುಪ್ಪಟ್ಟಾಗಿ ಹರಿಯುತ್ತದೆ. ನಮ್ಮ 25 ವೋಲ್ಟಿಗೆ ಅರ್ಧ ಡಿಬಿ ಕಡಿಮೆ, ಕಿವಿಗೆ ಗೊತ್ತಾಗದಷ್ಟು. ಬರೀ ಸಂಗೀತ ಕೇಳುವ ಮನೆಗೆ ಈ ಸಾಲಿನಲ್ಲಿ ನಮ್ಮ ಮೊದಲ ಆಯ್ಕೆ ಇದೇ. ಕೊರತೆಯೂ ಉಂಟು: ಎಚ್‌ಡಿಎಂಐ ಇಲ್ಲ, ವೈಫೈ ಇಲ್ಲ, ಸ್ಟ್ರೀಮರ್ ಪ್ರತ್ಯೇಕ ಕೊಳ್ಳಬೇಕು. ತೂಕ 17 ಕಿಲೋ ದಾಟುತ್ತದೆ. ತೆಳು ಪ್ಲೈವುಡ್ಡಿನ ಟಿವಿ ಯೂನಿಟ್ ಬಾಗೀತು.

ಎನ್‌ಎಡಿ ಸಿ 298 ಬರೀ ಪವರ್ ಆಂಪ್, ಅಂದರೆ ವಾಲ್ಯೂಮ್, ಸೋರ್ಸ್ ಆಯ್ಕೆ ಹೊರಗಿಟ್ಟು ಸ್ಪೀಕರ್ ಓಡಿಸುವ ಭಾಗ ಮಾತ್ರ. 8 ಓಮ್‌ಗೆ 185 ವ್ಯಾಟ್, 4 ಓಮ್‌ಗೆ 340, ವೋಲ್ಟಿನಲ್ಲಿ 38.5 ಮತ್ತು 36.9. ಪ್ಯೂರಿಫೈ ಕಂಪನಿಯ ಕ್ಲಾಸ್ ಡಿ (ಶಕ್ತಿ ಹೆಚ್ಚು ಪೋಲಾಗದ ವಿನ್ಯಾಸ), ಬಿಸಿ ಕಡಿಮೆ, ಬೆನ್ನೂ ಮುರಿಯುವುದಿಲ್ಲ. ಡೆನಾನಿಗಿಂತ ಸುಮಾರು 4 ಡಿಬಿ ಹೆಚ್ಚು ಮೇಲಕ್ಕೆ ಹೋಗುತ್ತದೆ. ಮ್ಯಾಗ್ನೆಪ್ಯಾನ್ ಇಟ್ಟುಕೊಂಡು ದೊಡ್ಡ ಹಾಲ್ ತುಂಬಬೇಕೆಂದರೆ ಮಾತೇ ಇಲ್ಲ, ಇದೇ. ಆದರೆ ವಾಲ್ಯೂಮ್ ಇರುವ ಪ್ರಿಆಂಪ್ ಮುಂದೆ ಬೇಕೇ ಬೇಕು, ಖರ್ಚಿಗೆ ಅದನ್ನೂ ಸೇರಿಸಿ. ಇದನ್ನು ಬ್ರಿಡ್ಜ್ ಮಾಡಿ (ಎರಡೂ ಚಾನೆಲ್ ಜೋಡಿಸಿ) ಒಂದೇ ಸ್ಪೀಕರಿಗೆ 620 ವ್ಯಾಟ್ ಕೊಡಬಹುದು, ಆದರೆ ಅದು 8 ಓಮ್‌ನ ಮಾತು. ಬ್ರಿಡ್ಜ್ ಆದಾಗ ಒಳಗಿನ ಪ್ರತಿ ಅರ್ಧಕ್ಕೂ ಸ್ಪೀಕರಿನ ಅರ್ಧ ಓಮ್ ಮಾತ್ರ ಕಾಣುವುದರಿಂದ 4 ಓಮ್ ಸ್ಪೀಕರಿಗೆ ಅದು ದಾರಿಯಲ್ಲ.

ಸಿನಿಮಾವೂ ಬೇಕು, ಸ್ಟೀರಿಯೋವೂ ಬೇಕು ಎನ್ನುವವರಿಗೆ ರಿಸೀವರ್. ಇಲ್ಲಿ ವ್ಯಾಟಿಗಿಂತ ಮೊದಲು ನೋಡಬೇಕಾದ್ದು ಹಿಂಬದಿಯಲ್ಲಿ ಫ್ರಂಟ್ ಎಡ-ಬಲ ಪ್ರಿ-ಔಟ್ (ಹೊರಗಿನ ಪವರ್ ಆಂಪಿಗೆ ಸಿಗ್ನಲ್ ಕೊಡುವ ಸಾಕೆಟ್) ಇದೆಯೇ ಎಂಬುದು. ಡೆನಾನ್ ಎವಿಆರ್-ಎಕ್ಸ್2800ಎಚ್ 95 ವ್ಯಾಟ್, ಎಕ್ಸ್3800ಎಚ್ 105 ವ್ಯಾಟ್. ಶಕ್ತಿಯ ವ್ಯತ್ಯಾಸ ಅರ್ಧ ಡಿಬಿಯೂ ಇಲ್ಲ, ಅದಕ್ಕಾಗಿ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಕೊಡಬೇಕಾದ್ದು ಎಕ್ಸ್3800ಎಚ್‌ನ ಪ್ರಿ-ಔಟ್ ಸಾಲಿಗೆ. ಇವತ್ತು ಅದರದ್ದೇ ಆಂಪ್‌ನಲ್ಲಿ ಕೇಳಿ, ನಾಳೆ ಸಾಲದೆನಿಸಿದರೆ ಎರಡು ಆರ್‌ಸಿಎ ಕೇಬಲ್ ಎಳೆದು ಪವರ್ ಆಂಪ್ ಸೇರಿಸಿ, ಮೆನುವಿನಲ್ಲಿ ಆ ಎರಡು ಚಾನೆಲ್ಲಿಗೆ ಪ್ರಿಆಂಪ್ ಮೋಡ್ ಹಾಕಿ. ಎಕ್ಸ್2800ಎಚ್‌ನಲ್ಲಿ ಈ ದಾರಿ ಮುಚ್ಚಿದೆ.

ರಿಸೀವರಿನ ಬೈ-ಆಂಪ್ (ಒಂದು ಸ್ಪೀಕರಿಗೆ ಎರಡು ಚಾನೆಲ್) ಸೆಟ್ಟಿಂಗಿನಿಂದ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಬಿಡಿ. ನಾಲ್ಕು ಚಾನೆಲ್ಲಿಗೂ ಒಂದೇ ಟ್ರಾನ್ಸ್‌ಫಾರ್ಮರ್, ವೋಲ್ಟ್ ಅಷ್ಟೇ. ನಿಜವಾಗಿ ಹೊರೆ ಇಳಿಸುವುದು ತನ್ನದೇ ಆಂಪ್ ಇರುವ ಸಬ್‌ವೂಫರ್. 80 ಹರ್ಟ್ಸ್‌ನಲ್ಲಿ ಕ್ರಾಸ್‌ಓವರ್ ಹಾಕಿ ಅದಕ್ಕಿಂತ ಕೆಳಗಿನ ಸ್ವರಗಳನ್ನು ಸಬ್‌ವೂಫರಿಗೆ ಬಿಟ್ಟರೆ ಮುಖ್ಯ ಆಂಪ್ ದೊಡ್ಡ ಬೇಸ್ ಹೊರುವುದೇ ಇಲ್ಲ. ತದ್ವಿರುದ್ಧ, ರೂಮ್ ಕರೆಕ್ಷನ್ (ಕೋಣೆಗೆ ತಕ್ಕಂತೆ ಸದ್ದು ತಿದ್ದುವ ಸೌಲಭ್ಯ) ಬೇಸನ್ನು 6 ಡಿಬಿ ಎತ್ತಿದರೆ ಅಲ್ಲಿ ನಾಲ್ಕು ಪಟ್ಟು ವ್ಯಾಟ್ ಬೇಕು. ಹಸಿದ ಸ್ಪೀಕರ್ ಇರುವವರು ತಗ್ಗು ತುಂಬಲು ಹೋಗದೆ ಉಬ್ಬು ಮಾತ್ರ ಕತ್ತರಿಸುವುದು ಲೇಸು.

ಟಿಪಿಎ3255 ಎಂಬ ಆಂಪ್ ಚಿಪ್ಪಿನ ಅಂಗೈಯಗಲದ ಪುಟ್ಟ ಆಂಪ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. "300 ವ್ಯಾಟ್ ಗುಣಿಸು 2" ಎಂಬ ಬರಹವನ್ನು ನೋಡಿ, ಆಮೇಲೆ ಜೊತೆಗೆ ಬರುವ ಅಡಾಪ್ಟರನ್ನು ತಿರುವಿ ನೋಡಿ. 48 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಒಟ್ಟು 240 ವ್ಯಾಟ್ ಒಳಗೆ ಬರುತ್ತದೆ. 600 ಹೊರಗೆ ಹೋಗುವುದೆಲ್ಲಿಂದ? ಚಿಪ್ಪಿಗೆ ವೋಲ್ಟಿನ ಕೊರತೆಯಿಲ್ಲ, ಕೊರತೆ ಅಡಾಪ್ಟರಿನದು. ಹಾಡಿನ ಕ್ಷಣಿಕ ಪೀಕ್ ಕೆಪಾಸಿಟರ್ ನಿಭಾಯಿಸುತ್ತದೆ, ಎಳೆದಾಡುವ ಬೇಸ್ ಬಂದಾಗ ಅಡಾಪ್ಟರ್ ಕೈಯೆತ್ತಿ ಒಮ್ಮೆಲೇ ಮೌನವಾಗುತ್ತದೆ. 48 ವೋಲ್ಟ್ 10 ಆಂಪಿಯರ್ ಅಡಾಪ್ಟರ್ ಹಾಕಿದರೆ ಬೇರೆಯೇ ಯಂತ್ರ. ಔಟ್‌ಪುಟ್ ಫಿಲ್ಟರಿನ ಆಚೆಯಿಂದ ಫೀಡ್‌ಬ್ಯಾಕ್ ಪಡೆಯದ ಮಾದರಿಗಳಲ್ಲಿ ಸ್ಪೀಕರಿನ ಓಮ್ ಬದಲಾದಂತೆ ಮೇಲಿನ ಸ್ವರಗಳ ಮಟ್ಟವೂ ಬದಲಾಗುತ್ತದೆ. ಕೊಳ್ಳುವ ಮುನ್ನ ಅಂಥ ಫೀಡ್‌ಬ್ಯಾಕ್, ಅಂದರೆ ಪಿಎಫ್‌ಎಫ್‌ಬಿ, ಇದೆಯೇ ಎಂದು ವಿಚಾರಿಸಿ.

ವೈರಿನ ವಿಷಯ ಬೇಗ ಮುಗಿಸೋಣ. ಆರು ಮೀಟರ್ ದೂರಕ್ಕೆ 1 ಚದರ ಮಿಮೀ ತಾಮ್ರ ಹಾಕಿದರೆ 4 ಓಮ್ ಸ್ಪೀಕರಿನಲ್ಲಿ 0.44 ಡಿಬಿ ನಷ್ಟ, 2.5 ಚದರ ಮಿಮೀ ಹಾಕಿದರೆ 0.18. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು. ತುದಿಯಲ್ಲಿ 10 ಮಿಮೀ ಮಾತ್ರ ಸುಲಿದು, ಬಿಗಿಯಾಗಿ ಹೊಸೆದು ಟರ್ಮಿನಲ್ಲಿಗೆ ಹಾಕಿ. ರಿಸೀವರಿನ ಪವರ್ ದೀಪ ಕೆಂಪಗೆ ಮಿಣುಕುತ್ತಿದ್ದರೆ ಸರ್ವಿಸ್‌ಗೆ ಫೋನ್ ಮಾಡುವ ಮುಂಚೆ ಅಲ್ಲೇ ನೋಡಿ: ಕೂದಲೆಳೆಯಷ್ಟು ತಾಮ್ರ ಪಕ್ಕದ ಟರ್ಮಿನಲ್ ಮುಟ್ಟುತ್ತಿರುವುದೇ ಹೆಚ್ಚು.

ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಓಡಿಸುವವರಿಗೆ: ಸ್ಕ್ವೇರ್ ವೇವ್ ಇನ್ವರ್ಟರ್ 230 ವೋಲ್ಟ್ ಎಂದರೆ ಅದರ ಶಿಖರವೂ 230ರ ಆಸುಪಾಸೇ. ಬೆಸ್ಕಾಂ ಸೈನ್ ವೇವಿನ ಶಿಖರ 325. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವುದು ಶಿಖರದಿಂದ. ಹಾಗಾಗಿ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ, ಮೇಲೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಆಂಪಿನ ಲೈನನ್ನು ಇನ್ವರ್ಟರಿನಿಂದ ತಪ್ಪಿಸಿಬಿಡಿ. ಅಮೆರಿಕದಿಂದ ನೆಂಟರು ತಂದ 120 ವೋಲ್ಟ್, 60 ಹರ್ಟ್ಸ್ ಯಂತ್ರಕ್ಕೆ ಸ್ಟೆಪ್‌ಡೌನ್ ಹಾಕಿದರೂ 50 ಹರ್ಟ್ಸ್‌ನಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಹೆಚ್ಚು ಕಾಯುತ್ತದೆ. ಅಗ್ಗಕ್ಕೆ ಸಿಕ್ಕರೂ ಬೇಡ.

ದೊಡ್ಡ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನ ಆಂಪ್ ಆನ್ ಮಾಡಿದ ಕ್ಷಣ ಎಂಸಿಬಿ (ಮನೆಯ ಸರ್ಕ್ಯೂಟ್ ಬ್ರೇಕರ್) ಬಿದ್ದರೆ ಆಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮೊದಲ ಸೆಳೆತಕ್ಕೆ ಬಿ ಕರ್ವ್ ಎಂಸಿಬಿ ಬೀಳಬಹುದು. ಕ್ಷಣಿಕ ಸೆಳೆತವನ್ನು ಹೆಚ್ಚು ತಾಳುವ, ಅದೇ ರೇಟಿಂಗಿನ ಸಿ ಕರ್ವ್ ಹಾಕಬಹುದೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕೇಬಲ್ ಟಿವಿ ವೈರ್ ಸೇರಿಸಿದಾಗ ಮಾತ್ರ ಹಮ್ (ಗುಂಯ್ ಸದ್ದು) ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಿಂದ ಅರ್ತ್ ಸೇರಿ ಆದ ಸುತ್ತು. ಕೋಆ್ಯಕ್ಸ್ ಐಸೊಲೇಟರ್ ಹಾಕಿ, ಅರ್ತ್ ಪಿನ್ ಮಾತ್ರ ಮುರಿಯಬೇಡಿ. ಇನ್ನು ಗಾಜಿನ ಬಾಗಿಲಿನ ಶೋಕೇಸ್: ಆಂಪಿನ ಮೇಲೆ ಒಂದು ಗೇಣು ಜಾಗ ಬಿಟ್ಟು, ಹಿಂಬದಿಯ ಹಲಗೆಯಲ್ಲಿ ರಂಧ್ರ ಕೊರೆಸಿ, ಆ ರಂಧ್ರಕ್ಕೆ ಸೊಳ್ಳೆಪರದೆ ಹೊಡೆಸಿ. ಬೆಚ್ಚಗಿನ ರಿಸೀವರ್ ಎಂದರೆ ಜಿರಲೆಗೆ ಬಾಣಂತಿ ಕೋಣೆ.