ಹಳೆ ಮರ್ಸಿಡಿಸ್‌ಗೆ ಥರ್ಮೋಸ್ಟಾಟ್ ತರಿಸುವ ಮುಂಚೆ ನನ್ನ ಕಥೆ ಕೇಳಿ

ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸಾಮಾನು ಈ ಥರ್ಮೋಸ್ಟಾಟ್. ಎಂಜಿನ್ನಿನ ನೀರು ತಣಿಯಲು ರೇಡಿಯೇಟರಿಗೆ ಯಾವಾಗ ಹೋಗಬೇಕು ಅಂತ ತೀರ್ಮಾನಿಸುವ ಬಾಗಿಲು ಅದು. ಒಂದು ಲೋಹದ ಬಿಲ್ಲೆ, ಒಂದು ಸ್ಪ್ರಿಂಗ್, ನಡುವಿನ ಡಬ್ಬಿಯೊಳಗೆ ಚಿಟಿಕೆ ಮೇಣ. ಅದನ್ನು ಆರಿಸುವಾಗ ಎಡವಿದ್ದಕ್ಕೆ ನನ್ನ ಕಾರಿನ ಸಿಲಿಂಡರ್ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಬೇಕಾಯಿತು. ನಿಮ್ಮ ಹತ್ತಿರವೂ ಇಂಥ ಹಳೆ ಗಾಡಿ ಇದ್ದರೆ ಹತ್ತು ನಿಮಿಷ ಕೊಟ್ಟು ಓದಿ.

ನನ್ನದು 300ಇ. 1984ರ ಕೊನೆಯಲ್ಲಿ ಶುರುವಾದ ಡಬ್ಲ್ಯೂ124 ಸಾಲಿನ ಕಾರು. ಆರು ಸಿಲಿಂಡರ್, 2962 ಸಿಸಿ. ಬಿಸಿ ತೋರಿಸುವ ಮೀಟರಿನಲ್ಲಿ 40, 80, 120 ಅಂತ ಗುರುತು ಇರುತ್ತದೆ. ಗಾಡಿ ಚೆನ್ನಾಗಿದ್ದರೆ ಮುಳ್ಳು 80 ದಾಟಿ ಸ್ವಲ್ಪ ಮೇಲೆ ನಿಲ್ಲುತ್ತದೆ. ನನ್ನದು ಕೆಲವು ತಿಂಗಳಿಂದ 60ರ ಆಸುಪಾಸಲ್ಲೇ ಇತ್ತು. ಹೀಟರ್ ಹಾಕಿದರೆ ಉಗುರು ಬೆಚ್ಚಗಿನ ಗಾಳಿ. ಪೆಟ್ರೋಲ್ ಬೇರೆ ಜಾಸ್ತಿ ಕುಡಿಯುತ್ತಿತ್ತು. ಎಂಜಿನ್ ತಣ್ಣಗಿದೆ ಅಂದುಕೊಂಡು ಇಂಜೆಕ್ಷನ್ ವ್ಯವಸ್ಥೆ ಪೆಟ್ರೋಲ್ ಹೆಚ್ಚಿಗೆ ಬಿಡುತ್ತದೆ, ಅಷ್ಟೇ. ಥರ್ಮೋಸ್ಟಾಟ್ ತೆರೆದುಕೊಂಡು ಹಾಗೇ ಸಿಕ್ಕಿಹಾಕಿಕೊಂಡಿದೆ ಅಂತ ಅಂದಾಜು ಮಾಡಿದೆ. ಆ ಅಂದಾಜು ಸರಿಯಾಗಿಯೇ ಇತ್ತು. ಈ ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಆನ್‌ಲೈನ್‌ನಲ್ಲಿ ಹುಡುಕಿದೆ. ಕಂಪನಿ ಯಾವುದು, ಮಾಡೆಲ್ ಯಾವುದು, ಯಾವ ವರ್ಷ ಅಂತ ಮೂರೇ ಪ್ರಶ್ನೆ. ಉತ್ತರ ಒತ್ತಿದೆ. ‘ನಿಮ್ಮ ಗಾಡಿಗೆ ಹೊಂದುತ್ತದೆ’ ಅಂತ ಹಸಿರು ಗುರುತು ಬಂತು. ಆ ಹಸಿರು ಗುರುತನ್ನು ನಂಬಿ ಆರ್ಡರ್ ಮಾಡಿದೆ.

ಈಗ ಯೋಚಿಸಿದರೆ, ಆ ಮೂರು ಪ್ರಶ್ನೆ ಸಾಕಾಗುವುದೇ ಇಲ್ಲ. 300ಇ ಅನ್ನುವ ಹೆಸರನ್ನೇ ನೋಡಿ. ಅದರಲ್ಲಿ ಹನ್ನೆರಡು ವಾಲ್ವಿನ 103 ಎಂಜಿನ್ ಇತ್ತು. ಅದೇ ಬಾಡಿಯಲ್ಲಿ, ಹೆಸರಿನ ಬಾಲಕ್ಕೆ 24 ಸೇರಿಸಿಕೊಂಡು, ಇಪ್ಪತ್ನಾಲ್ಕು ವಾಲ್ವಿನ 104 ಎಂಜಿನ್ ಕೂಡ ಬಂತು. ಡಿಸೈನೇ ಬೇರೆ. ಹಲವು ಪಟ್ಟಿಗಳಲ್ಲಿ ಎರಡನ್ನೂ ಒಂದೇ ಸಾಲಿಗೆ ತುರುಕಿರುತ್ತಾರೆ. ಗಾಡಿ ತನ್ನ ಗುರುತನ್ನು ತಾನೇ ಹೇಳುತ್ತದೆ, ನಾವು ನೋಡಬೇಕು ಅಷ್ಟೇ. ಚಾಸಿ ನಂಬರಿನಲ್ಲಿ 124030 ಅಂತಿದ್ದರೆ ನನ್ನ ಥರದ್ದು, 124031 ಅಂತಿದ್ದರೆ ಇಪ್ಪತ್ನಾಲ್ಕು ವಾಲ್ವಿನದು. ಎಂಜಿನ್ ಮೇಲೆ ಕೊರೆದಿರುವ ನಂಬರ್ ಕೂಡ ನೋಡಿ. 103983 ಅಂತ ಶುರುವಾದರೆ ಒಂದು, 104980 ಅಂದರೆ ಇನ್ನೊಂದು. ಮೂವತ್ತು ನಲವತ್ತು ವರ್ಷದ ಗಾಡಿಗೆ ಹಿಂದಿನ ಮಾಲೀಕರು ಯಾವ ಎಂಜಿನ್ ಕೂರಿಸಿದ್ದಾರೋ ಯಾರಿಗೆ ಗೊತ್ತು?

ಪಾರ್ಟ್ ಬಂತು. ಅಗಲ ಸರಿ ಇತ್ತು, ಜಾಗದಲ್ಲಿ ಸಲೀಸಾಗಿ ಕೂತಿತು. ಮೆಕ್ಯಾನಿಕ್ ಹೊಸ ರಬ್ಬರ್ ರಿಂಗ್ ಹಾಕಿ, ಕೂಲೆಂಟ್ (ಎಂಜಿನ್ ತಣಿಸುವ ನೀರು) ತುಂಬಿ, ಗಾಳಿ ತೆಗೆದು ಕೊಟ್ಟರು. ಹತ್ತಿರದಲ್ಲೇ ಎರಡು ದಿನ ಓಡಿಸಿದೆ. ಮುಳ್ಳು 85ರಲ್ಲಿ ಕಲ್ಲಿನಂತೆ ನಿಂತಿತ್ತು. ಖುಷಿಯೋ ಖುಷಿ.

ಮೂರನೇ ದಿನ ಒಂದು ಉದ್ದನೆಯ ಏರು ಹತ್ತಬೇಕಿತ್ತು. ಅರ್ಧ ದಾರಿಯಲ್ಲಿ ಮುಳ್ಳು 100 ಮುಟ್ಟಿತು. ಆಮೇಲೆ 110. ಎಸಿ ಆರಿಸಿದೆ, ಹೀಟರ್ ಪೂರ್ತಿ ಬಿಟ್ಟೆ, ಆದರೂ ಇಳಿಯಲಿಲ್ಲ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಮೇಲಿನ ಹೋಸ್ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ರೇಡಿಯೇಟರಿನ ಕೆಳಭಾಗ ಮಾತ್ರ ಬರೀ ಬೆಚ್ಚಗೆ. ಆವತ್ತು ಅದರ ಅರ್ಥ ನನಗೆ ಹೊಳೆಯಲಿಲ್ಲ. ಮೆಕ್ಯಾನಿಕ್‌ಗೂ ಹೊಳೆಯಲಿಲ್ಲ.

ಅಲ್ಲಿಂದ ಶುರುವಾಯಿತು ಅಲೆದಾಟ. ರೇಡಿಯೇಟರ್ ಕಟ್ಟಿಕೊಂಡಿದೆ ಅಂದರು, ಬಿಚ್ಚಿ ತೊಳೆಸಿದೆ. ಬಿಸಿ ಏರಿದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕ್ಲಚ್ ಹೋಗಿದೆ ಅಂದರು, ಹೊಸದು ಹಾಕಿಸಿದೆ. ವಾಟರ್ ಪಂಪ್ ಬದಲಾಯಿಸೋಣ ಅಂದರು, ಅದನ್ನೂ ಮಾಡಿಸಿದೆ. ಪ್ರತಿ ಸಲವೂ ಸಮತಟ್ಟು ರಸ್ತೆಯಲ್ಲಿ ಎಲ್ಲ ಚೆನ್ನ, ಏರು ಬಂದರೆ 110. ‘ಥರ್ಮೋಸ್ಟಾಟ್ ಹೊಸದು ಹಾಕಿದ್ದೀವಲ್ಲ, ಅದಂತೂ ಆಗಿರಲ್ಲ ಬಿಡಿ’ ಅಂತ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಹೊಸದು ಅಂದ ಮಾತ್ರಕ್ಕೆ ಅದನ್ನು ಅನುಮಾನಿಸಲೇ ಇಲ್ಲ.

ಕೊನೆಗೆ ಹಳೆಯ ಥರ್ಮೋಸ್ಟಾಟ್ ಡಿಕ್ಕಿಯಲ್ಲಿ ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿ ಅಲ್ಲೇ ಎಸೆದಿದ್ದೆ. ಹೊಸದನ್ನು ಬಿಚ್ಚಿ ಪಕ್ಕದಲ್ಲಿ ಇಟ್ಟು ನೋಡಿದೆವು. ಮೇಲಿಂದ ಅಕ್ಕತಂಗಿಯರ ಹಾಗೆ ಒಂದೇ ಥರ. ತಿರುಗಿಸಿದರೆ ಹಳೆಯದರ ಬುಡದಲ್ಲಿ ಸ್ಪ್ರಿಂಗ್ ಹಾಕಿದ ಇನ್ನೊಂದು ಸಣ್ಣ ತಟ್ಟೆ ಇತ್ತು. ಹೊಸದರಲ್ಲಿ ಅದು ಇರಲೇ ಇಲ್ಲ.

ಆ ಸಣ್ಣ ತಟ್ಟೆಯೇ ಎಲ್ಲದಕ್ಕೂ ಮೂಲ. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗಬಾರದು. ಬೈಪಾಸ್ ದಾರಿಯಲ್ಲಿ ಎಂಜಿನ್ ಒಳಗೇ ಸುತ್ತುತ್ತಾ ಬೇಗ ಬಿಸಿಯಾಗಬೇಕು. ಬಿಸಿ ಏರಿದಾಗ ಡಬ್ಬಿಯೊಳಗಿನ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ. ಮೇಲಿನ ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹೋಗುತ್ತದೆ. ಅದೇ ಹೊತ್ತಿಗೆ ಕೆಳಗಿನ ತಟ್ಟೆ ಇಳಿದು ಬೈಪಾಸಿನ ಬಾಯಿ ಮುಚ್ಚುತ್ತದೆ. ಒಂದು ಬಾಗಿಲು ತೆರೆಯುತ್ತಾ ಇನ್ನೊಂದು ಮುಚ್ಚಬೇಕು. ನನ್ನದರಲ್ಲಿ ಎರಡನೇ ಬಾಗಿಲೇ ಇರಲಿಲ್ಲ. ಹಾಗಾಗಿ ಬಿಸಿ ನೀರಿನ ದೊಡ್ಡ ಪಾಲು ರೇಡಿಯೇಟರಿನ ಕಡೆ ತಲೆಯೂ ಹಾಕದೆ ಸೀದಾ ಎಂಜಿನ್ನಿಗೆ ವಾಪಸ್. ನೀರಿಗೆ ಸುಲಭದ ದಾರಿ ಸಿಕ್ಕರೆ ಅದು ಕಷ್ಟದ ದಾರಿ ಹಿಡಿಯುತ್ತದಾ? ರೇಡಿಯೇಟರಿನ ಬುಡ ಬರೀ ಬೆಚ್ಚಗಿದ್ದದ್ದು ಅದಕ್ಕೇ.

ಇದು ಗೊತ್ತಾದ ಮೇಲೆ ಇನ್ನೊಂದು ಸಲಹೆಯ ಅಪಾಯವೂ ಅರ್ಥವಾಯಿತು. ‘ಸುಮ್ನೆ ಥರ್ಮೋಸ್ಟಾಟೇ ತೆಗೆದು ಎಸೆಯಿರಿ, ಗಾಡಿ ತಣ್ಣಗೆ ಓಡುತ್ತೆ’ ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ನನಗೂ ಇಬ್ಬರು ಹೇಳಿದರು. ಇಂಥ ಎಂಜಿನ್ನಿನಲ್ಲಿ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬೆಳಿಗ್ಗೆ ಬಿಸಿಯಾಗಲು ಒದ್ದಾಡುತ್ತದೆ, ಏರಿನಲ್ಲಿ ಕುದಿಯುತ್ತದೆ. ಎರಡೂ ಕಡೆಯಿಂದ ಪೆಟ್ಟು. ತಣ್ಣಗೆ ಓಡುವುದೂ ಒಳ್ಳೆಯದಲ್ಲ, ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ.

ಎರಡನೇ ಥರ್ಮೋಸ್ಟಾಟ್ ಬೇರೆ ಕಡೆಯಿಂದ ತರಿಸಿದೆ. ಈ ಸಲ ಹೆಸರುವಾಸಿ ಕಂಪನಿಯ ಪೆಟ್ಟಿಗೆ, ಬುಡದಲ್ಲಿ ತಟ್ಟೆಯೂ ಇತ್ತು. ಆದರೆ ಲೋಹದ ಮೇಲೆ ಎಷ್ಟು ಡಿಗ್ರಿ ಅಂತ ಕೊರೆದಿರಲಿಲ್ಲ. ನನ್ನ ಹಳೆಯದರ ಮೇಲೆ 87 ಅಂತ ಸ್ಪಷ್ಟವಾಗಿತ್ತು. ಪೆಟ್ಟಿಗೆಯ ಮೇಲಿನ ಹೆಸರು ಬದಲಾದರೆ ಮಾತ್ರ ಗಾಬರಿ ಬೇಡ. ವಾಲರ್ ಅನ್ನುವ ಜರ್ಮನ್ ಥರ್ಮೋಸ್ಟಾಟ್ ಕಂಪನಿಯನ್ನು 2014ರಲ್ಲಿ ಬೋರ್ಗ್‌ವಾರ್ನರ್ ಕೊಂಡುಕೊಂಡಿತು, ಇಂಥ ಬದಲಾವಣೆ ಸಹಜ. ಆದರೆ ಪಾರ್ಟಿನ ಮೈಮೇಲೆ ಗುರುತೇ ಇಲ್ಲ ಅಂದರೆ ಅದು ಬೇರೆ ಮಾತು. ಒಮ್ಮೆ ಸುಟ್ಟುಕೊಂಡವನು ನಾನು. ಹಾಕಿಸುವ ಮುಂಚೆ ಕುದಿಸಿ ನೋಡಿದೆ.

ಕುದಿಸುವ ವಿಧಾನ ಸುಲಭ. ಥರ್ಮೋಸ್ಟಾಟಿನ ಬಾಯಿ ಸ್ವಲ್ಪ ಒತ್ತಿ ತೆರೆದು ಒಂದು ದಾರದ ತುದಿ ಸಿಕ್ಕಿಸಿ ಬಿಟ್ಟುಬಿಡಿ. ಆ ದಾರದಲ್ಲೇ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನೊಳಗೆ ತೂಗುಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲೇ ಥರ್ಮಾಮೀಟರ್ ಇಳಿಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಬಾಯಿ ಬಿಡುವ ಕ್ಷಣಕ್ಕೆ ದಾರ ಜಾರಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ಆಗಿನ ಡಿಗ್ರಿ ನೋಡಿಕೊಳ್ಳಿ. ಕೊರೆದಿರುವ ಸಂಖ್ಯೆಗಿಂತ ಒಂದೆರಡು ಡಿಗ್ರಿ ಆಚೆ ಈಚೆ ಆದರೆ ಪರವಾಗಿಲ್ಲ. ಬಾಯಿ ಬಿಡಲು ಶುರು ಮಾಡುವ ಬಿಸಿ ಅದು, ಪೂರ್ತಿ ತೆರೆಯಲು ಸುಮಾರು 15 ಡಿಗ್ರಿ ಜಾಸ್ತಿ ಬೇಕು. ಎತ್ತರದ ಜಾಗದಲ್ಲಿ ನೀರು 100ಕ್ಕಿಂತ ಮುಂಚೆಯೇ ಕುದಿಯುತ್ತದೆ, ಸಾವಿರ ಮೀಟರ್ ಎತ್ತರದಲ್ಲಿ 97ರ ಹತ್ತಿರ. ಹಾಗಾಗಿ ಅಲ್ಲಿ ಪೂರ್ತಿ ತೆರೆಯಲಿಲ್ಲ ಅಂತ ಪಾರ್ಟನ್ನು ಬೈಯಬೇಡಿ.

ನನ್ನ ಎರಡನೆಯದು 87ಕ್ಕೆ ಅಲುಗಲಿಲ್ಲ. 90ಕ್ಕೂ ಇಲ್ಲ. 96ಕ್ಕೆ ದಾರ ಬಿಟ್ಟಿತು. ನೀರು ಕುದಿಯುವಾಗಲೂ ತೆರೆದದ್ದು ಮೂರು ಮಿಲಿಮೀಟರ್ ಅಷ್ಟೇ. ಪೆಟ್ಟಿಗೆ ಅಸಲಿನಂತಿತ್ತು, ಒಳಗಿದ್ದದ್ದು ನಕಲಿ ಅಂತಲೇ ನನ್ನ ಅನುಮಾನ. ಗಾಡಿಗೆ ಹಾಕಿರಲಿಲ್ಲವಲ್ಲ, ವಿಡಿಯೋ ಕಳಿಸಿದೆ, ದುಡ್ಡು ವಾಪಸ್ ಬಂತು.

ಮೊದಲನೆಯದಕ್ಕೆ ಬರಲಿಲ್ಲ. ‘ಒಮ್ಮೆ ಜೋಡಿಸಿದ ಪಾರ್ಟ್ ವಾಪಸ್ ತಗೊಳ್ಳಲ್ಲ ಸರ್, ನಮ್ಮ ಲಿಸ್ಟಿನಲ್ಲಿ ಹೊಂದುತ್ತೆ ಅಂತಲೇ ಇದೆ’ ಅನ್ನುವುದು ಅವರ ಉತ್ತರ. ತಟ್ಟೆಯ ಫೋಟೋ ಕಳಿಸಿದೆ. ಮತ್ತೆ ಅದೇ ಉತ್ತರ ಬಂತು, ಅಕ್ಷರ ಕೂಡ ಬದಲಾಗಿರಲಿಲ್ಲ.

ಮೂರನೆಯದನ್ನು ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಪೂರ್ತಿ ಚಾಸಿ ನಂಬರ್ ಕೊಟ್ಟು ತರಿಸಿದೆ. ಅವರು ಮಾಡೆಲ್ ಹೆಸರು ಕೇಳಲೇ ಇಲ್ಲ! ಪಾತ್ರೆಯಲ್ಲಿ 88ಕ್ಕೆ ದಾರ ಬಿಟ್ಟಿತು, ಬಾಯಿ ಚೆನ್ನಾಗಿ ತೆರೆಯಿತು, ತಟ್ಟೆಯೂ ಜೊತೆಗೇ ಕೆಳಗಿಳಿಯಿತು. ಅಂಚಿನಲ್ಲಿರುವ ಗಾಳಿ ಹೋಗುವ ಸಣ್ಣ ತೂತು ಮೇಲ್ಗಡೆ ಬರುವಂತೆ ಕೂರಿಸಿದೆವು. ಇಲ್ಲದಿದ್ದರೆ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಮತ್ತೆ ಅದೇ ರಾಮಾಯಣ.

ಆದರೆ ಅಷ್ಟರಲ್ಲಿ ತಡವಾಗಿತ್ತು. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ನಡುವೆ ಸಿಕ್ಕಿ ನರಳುವುದು ಗ್ಯಾಸ್ಕೆಟ್, ಅಂದರೆ ಎರಡರ ಸಂದು ಸೋರದಂತೆ ಮುಚ್ಚುವ ತೆಳು ಹಾಳೆ. ನಾಲ್ಕೈದು ಸಲ 110ಕ್ಕೆ ಹೋಗಿ ಬಂದದ್ದಕ್ಕೆ ಕೂಲೆಂಟ್ ಸದ್ದಿಲ್ಲದೆ ಕಡಿಮೆಯಾಗತೊಡಗಿತ್ತು. ಹೆಡ್ ಬಿಚ್ಚಿ, ಅದರ ಮೈ ಸಮತಟ್ಟಾಗುವಂತೆ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಖರ್ಚು ಕೇಳಬೇಡಿ. ಬಿಸಿ ಏರಿದಾಗ ಕೂಲೆಂಟ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಬೇಡಿ ಅಂತಲೂ ಹೇಳಿಬಿಡುತ್ತೇನೆ. ಒಳಗೆ 1.4 ಬಾರ್‌ವರೆಗೂ ಒತ್ತಡ ಇರುತ್ತದೆ. 100 ದಾಟಿಯೂ ಕುದಿಯದೆ ಕೂತಿರುವ ನೀರು, ಮುಚ್ಚಳ ಸಡಿಲವಾದ ಕೂಡಲೇ ಮುಖಕ್ಕೆ ಹಾರುತ್ತದೆ.

ಈಗ ಮುಳ್ಳು 85ರ ಹತ್ತಿರ ನಿಲ್ಲುತ್ತದೆ. ಅದೇ ಏರಿನಲ್ಲಿ 95 ದಾಟಲಿಲ್ಲ. ತಟ್ಟೆ ಇಲ್ಲದ ಆ ಥರ್ಮೋಸ್ಟಾಟ್ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ನಿನ್ನೆ ಕುತೂಹಲಕ್ಕೆ ಆ ಮಾರಾಟಗಾರರ ಪುಟ ತೆಗೆದು ನನ್ನ ಗಾಡಿಯ ಹೆಸರು, ವರ್ಷ ಒತ್ತಿದೆ. ಅದೇ ಪಾರ್ಟ್ ಬಂತು, ಪಕ್ಕದಲ್ಲಿ ಅದೇ ಹಸಿರು ಗುರುತು.